ಬೀರುವಿನೊಳಗಿನ ಧೈರ್ಯವಂತ

ಕಥೆ ಹೇಳಿ ನನಗೆ ರೂಢಿಯಿಲ್ಲ, ಸರಿಯಾಗಿ ಬಾರದಿದ್ದರೆ ಕ್ಷಮಿಸಿ. ಒಂದು ಅಂಗನವಾಡಿಯ ಬೀರುವಿನಲ್ಲಿ ಎರಡು ಚಿತ್ರಪುಸ್ತಕಗಳಿದ್ದವು. ತಪಾಸಣೆಗೆ ಸಾಹೇಬರು ಬಂದಾಗ ಹೊಸದಾಗಿ ಕಾಣಲೆಂದು ‘ಎದೆಗುಂದದ ಗುಬ್ಬಿ’ಯನ್ನು ಯಾರಿಗೂ ಕೊಡುತ್ತಿರಲಿಲ್ಲ. (ಅದು ಮಕ್ಕಳಿಗೆ ಧೈರ್ಯ ಕಲಿಸುವ ಪುಸ್ತಕ, ಇದು ನೆನಪಿರಲಿ.) ಇನ್ನೊಂದು, ಗೋಡೆ ಹತ್ತುವ ಬಸವನಹುಳುವಿನ ಪುಸ್ತಕ. ದಿನವೂ ಮಕ್ಕಳ ಕೈಗೆ ಸಿಕ್ಕು ಹರಿದದ್ದನ್ನು ಅನ್ನದ ಅಗುಳು ಹಚ್ಚಿ ಅಂಟಿಸಿದ್ದರು.

“ನಿನ್ನ ಅವತಾರ ನೋಡಿಕೋ,” ಎಂದಿತು ಗುಬ್ಬಿ ಪುಸ್ತಕ. “ನಾನು ಧೈರ್ಯದ ಪುಸ್ತಕ. ಮೈಮೇಲೆ ಒಂದು ಕಲೆಯಿಲ್ಲ.”

“ಸಂತೋಷ. ನಿಮ್ಮ ರಟ್ಟಿನ ಮೇಲಿನ ಗುಬ್ಬಿ ಗೂಡಿನಿಂದ ಬೀಳುತ್ತಿದೆಯಲ್ಲ, ಬಿದ್ದ ಮೇಲೆ ಏನು ಮಾಡುತ್ತದೆ?” ಎಂದು ಬಸವನಹುಳು ಪುಸ್ತಕ ಕೇಳಿತು.

“ನನ್ನನ್ನು ಯಾರೂ ತೆರೆದೇ ಇಲ್ಲ. ನನಗೆ ಹೇಗೆ ಗೊತ್ತಿರಬೇಕು?”

ಅಷ್ಟರಲ್ಲಿ ಬೀರುವಿನ ಬಾಗಿಲು ತೆರೆಯಿತು.

“ಟೀಚರ್, ಇವತ್ತಾರ ಆ ಗುಬ್ಬಿದು ಕೊಡ್ರಿ,” ಎಂದಳು ದ್ಯಾಮವ್ವ ಎಂಬ ಪುಟ್ಟ ಹುಡುಗಿ.

“ತಗೋ ನಮ್ಮವ್ವ. ಸಾಹೇಬ್ರು ಬಂದು ಹೋದ್ರಲ್ಲ,” ಎಂದರು ಟೀಚರ್.

ದ್ಯಾಮವ್ವ ಬೆಲ್ಲ ಮೆತ್ತಿದ ಕೈ ಚಾಚಿದಳು. ಆ ಕೈ ಕಂಡು ಗುಬ್ಬಿ ಪುಸ್ತಕ ನಡುಗಿ, ಹಿಂದೆ ಸರಿದು, ಬೀರುವಿನ ಸಂದಿಗೆ ಜಾರಿತು. ಅವಳು ಬಸವನಹುಳುವನ್ನೇ ಎತ್ತಿಕೊಂಡು ಹೋದಳು.

ಸಂದಿಯಲ್ಲಿ ಗೆದ್ದಲು ಕಾದು ಕುಳಿತಿತ್ತು. “ಹೆದರಬೇಡಿ, ನನಗೆ ಕೈಯೇ ಇಲ್ಲ,” ಎನ್ನುತ್ತ ಅದು ಮೊದಲ ಪುಟಕ್ಕೆ ಬಾಯಿ ಹಾಕಿತು.

ಇದರ ಅರ್ಥ ಹೇಳಿಬಿಡುತ್ತೇನೆ. ಗುಬ್ಬಿ ಪುಸ್ತಕವೆಂದರೆ ಬರೀ ಪುಸ್ತಕವಲ್ಲ, ಧೈರ್ಯದ ಮೇಲೆ ಭಾಷಣ ಮಾಡಿ, ಅಂಗಿಗೆ ಮಣ್ಣು ತಾಗೀತೆಂದು ಓಡುವವರು. ಗೆದ್ದಲು ಮಾತ್ರ ನಿಜವಾದ ಗೆದ್ದಲೇ, ಏಕೆಂದರೆ ಅಂಥವರನ್ನು ಕೊನೆಗೆ... ಇರಿ, ಒಳಗಿನಿಂದ ಕರೆಯುತ್ತಿದ್ದಾರೆ, ಬಂದೆ.