ನಾಯಿ ಕತ್ತು ವಾಲಿಸಿ ಕೇಳುವುದು ಯಾಕೆ

ಲೋಕ ಇನ್ನೂ ಹೊಸದಾಗಿತ್ತು. ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ನಾಯಿ ಕಾಡು ಬಿಟ್ಟು ಮನುಷ್ಯರ ಜೊತೆ ಇರಲು ಬಂದು ಒಂದೇ ಒಂದು ಮಳೆಗಾಲ ಕಳೆದಿತ್ತು. ಆಗೆಲ್ಲ ನಾಯಿಗಳು ಕತ್ತನ್ನು ನೆಟ್ಟಗೆ ಇಟ್ಟುಕೊಂಡೇ ಮಾತು ಕೇಳುತ್ತಿದ್ದವು.

ಹೊಳೆಯ ದಂಡೆಯಲ್ಲಿ ಮಾಳವ್ವ ಎಂಬಾಕೆ ಕುರಿ ಮೇಯಿಸುತ್ತಿದ್ದಳು. ಅವಳ ಜೊತೆ ಚಂಗ ಎಂಬ ಕಂದು ನಾಯಿ. ಮಾಳವ್ವ ಕೆಟ್ಟವಳಲ್ಲ. ತನ್ನ ರೊಟ್ಟಿಯಲ್ಲೇ ಅರ್ಧ ಮುರಿದು ಚಂಗನಿಗೆ ಹಾಕುತ್ತಿದ್ದಳು. ಆದರೆ ಅವಳ ಮಾತಿಗೆ ನೆಲೆಯಿರಲಿಲ್ಲ. ಬೆಳಿಗ್ಗೆ "ಬಾ" ಅನ್ನುವಳು. ಮಧ್ಯಾಹ್ನ "ಇತ್ತ ನಡಿ" ಅನ್ನುವಳು. ಸಿಟ್ಟು ಬಂದರೆ "ಎಲ್ಲಿ ಹಾಳಾಗಿ ಹೋದೆ" ಅನ್ನುವಳು. ಮೂರಕ್ಕೂ ಅರ್ಥ ಒಂದೇ ಅಂತ ಚಂಗನಿಗೆ ಹೇಗೆ ತಿಳಿಯಬೇಕು? ತಡವಾಗಿ ಬಂದರೆ ಕೋಲಿನ ಏಟು.

ಒಂದು ದಿನ ಹೊಳೆಗೆ ಇದ್ದಕ್ಕಿದ್ದಂತೆ ನೀರು ಬಂತು. ಕುರಿಮರಿಯೊಂದು ನಡುನೀರಿನ ಬಂಡೆಯ ಮೇಲೆ ಸಿಕ್ಕಿಕೊಂಡು ಅರಚತೊಡಗಿತು.

"ಹೋಗು, ಹಿಡಿ, ಅಲ್ಲಲ್ಲ, ಈ ಕಡೆ ಬಾ, ಆ ಕಡೆ ನಡಿ" ಎಂದು ಮಾಳವ್ವ ಕೂಗಿದಳು.

ಚಂಗ ಹೊರಟಿತು, ನಿಂತಿತು, ತಿರುಗಿ ಬಂತು, ಮತ್ತೆ ಹೊರಟಿತು. ಅಷ್ಟರಲ್ಲಿ ಬಂಡೆ ಮುಳುಗಿತು. ಮರಿ ಮತ್ತೆ ಕಾಣಲಿಲ್ಲ.

ಮಾಳವ್ವ ಕೋಲೆತ್ತಿದಳು. ಚಂಗ ಓಡಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ, ನಡುಗುತ್ತ ಮಲಗಿತು. ಎತ್ತಿದ ಕೈ ಹಾಗೇ ನಿಂತಿತು.

"ಹೊಳೆಯವ್ವಾ, ನನ್ನ ಮರಿಯನ್ನ ಒಯ್ದೆಯಲ್ಲೇ" ಎಂದು ಅತ್ತಳು.

"ಹರಿಯುವುದನ್ನು ಬಿಟ್ಟು ನನಗೆ ಬೇರೇನೂ ಬಾರದು ತಾಯಿ" ಎಂದಿತು ಹೊಳೆ. "ನಾಯಿ ಹೊರಟೇ ಇತ್ತು. ನೀನೇ ಹತ್ತು ಮಾತು ಹೇಳಿ ಹತ್ತು ಕಡೆ ಎಳೆದೆ. ರೊಟ್ಟಿ ಕೊಡುವಾಗಲೂ ಬಾ ಅಂದೆ, ಹೊಡೆಯುವಾಗಲೂ ಬಾ ಅಂದೆ. ಅದು ಯಾವುದನ್ನು ನಂಬಬೇಕು?"

ಮಾಳವ್ವ ಕೋಲನ್ನು ಹೊಳೆಗೆ ಎಸೆದಳು.

ಮರುದಿನ ದೂರದಲ್ಲಿ ನೆಲಕ್ಕೆ ಕೂತು ಮೆತ್ತಗೆ "ಬಾ" ಅಂದಳು. ಚಂಗ ಬರಲಿಲ್ಲ. ಅವಳು ಬೈಯಲಿಲ್ಲ, ಕಾದಳು. ಬಿಸಿಲು ಏರಿತು. "ಬಾ" ಅಂದಳು. ಬಿಸಿಲು ಇಳಿಯಿತು. "ಬಾ" ಅಂದಳು. ಅದೇ ಮಾತು, ಅದೇ ದನಿ. ಹಳೆಯ ಬೈಗುಳ ಒಂದೆರಡು ಸಲ ನಾಲಿಗೆಗೆ ಬಂತು, ನುಂಗಿಕೊಂಡಳು. ಸಂಜೆಯ ಹೊತ್ತಿಗೆ ಚಂಗ ತೆವಳುತ್ತ ಬಂದು ಅವಳ ಪಾದ ಮೂಸಿತು. ಮಾಳವ್ವ ಅದರ ಬೆನ್ನು ಸವರಿ ರೊಟ್ಟಿ ಕೊಟ್ಟಳು. ಅಂದಿನಿಂದ ಅವಳ ಬಾಯಲ್ಲಿ ಆ ಮಾತು ಬದಲಾಗಲಿಲ್ಲ.

ಚಂಗನಿಗೆ ಇನ್ನೂ ಒಂದು ಚಿಂತೆ ಉಳಿದಿತ್ತು.

"ಗಾಳಿಯಣ್ಣ, ಮನುಷ್ಯರು ತುಂಬ ಮಾತಾಡುತ್ತಾರೆ. ಅಷ್ಟೂ ಮಾತಿನಲ್ಲಿ ನನಗೆಂದು ಆಡಿದ ಮಾತನ್ನು ಹೇಗೆ ಹುಡುಕಲಿ?"

"ಕತ್ತನ್ನು ಒಂದು ಕಡೆಗೆ ವಾಲಿಸು" ಎಂದಿತು ಗಾಳಿ. "ಬೇಡದ ಮಾತೆಲ್ಲ ಕೆಳಗಿನ ಕಿವಿಯಿಂದ ಸುರಿದುಹೋಗುತ್ತದೆ. ನಿನ್ನದು ಒಳಗೇ ಉಳಿಯುತ್ತದೆ."

ಚಂಗ ಕತ್ತು ವಾಲಿಸಿತು. ಅತ್ತ ಮಾಳವ್ವ ಮೋಡವನ್ನು ಬೈಯುತ್ತಿದ್ದಳು, ಹರಿದ ಕಂಬಳಿಯನ್ನು ಬೈಯುತ್ತಿದ್ದಳು, ನಡುವೆ ಒಮ್ಮೆ ಮೆತ್ತಗೆ "ಬಾ" ಅಂದಳು. ಚಂಗ ಒಂದೇ ಓಟಕ್ಕೆ ಬಂದು ಅವಳ ಮಡಿಲಲ್ಲಿ ಬಿತ್ತು. ಮರಿ ಹೋದ ಮೇಲೆ ಮಾಳವ್ವ ಮೊದಲ ಸಲ ನಕ್ಕಿದ್ದು ಆಗಲೇ.

ಚಂಗನನ್ನು ನೋಡಿ ಉಳಿದ ನಾಯಿಗಳೂ ಕತ್ತು ವಾಲಿಸಲು ಕಲಿತವು. ಅದಕ್ಕೇ ಮಗು, ನೀನು ಮಾತಾಡಿಸಿದಾಗ ನಮ್ಮ ಬೀದಿಯ ನಾಯಿ ಕೂಡ ಕತ್ತು ವಾಲಿಸಿ ನಿನ್ನ ಮುಖವನ್ನೇ ನೋಡುತ್ತ, ನಿನ್ನ ಅಷ್ಟೂ ಮಾತಿನಲ್ಲಿ ತನ್ನದೊಂದು ಮಾತು ಬಂದೀತೆಂದು ಕಾಯುತ್ತದೆ.