ಚೆಲುವಾಜಿ ಕೇಳಿಟ್ಟ ಮೂರು ಒಗಟು

ಅದು ಎಲ್ಲ ದಿನಗಳಂಥ ಒಂದು ಬೆಳಿಗ್ಗೆ. ಸೀಗೆಕೋಟೆಯ ಹಿಂದಿನ ಕೇರಿಯವರು ಬುಟ್ಟಿ ಎತ್ತಿ ಕೋಳಿಗಳನ್ನು ಹೊರಗೆ ಬಿಡುತ್ತಿದ್ದರು. ಪುಟ್ಟೀರಜ್ಜಿ ಹಿತ್ತಿಲಲ್ಲಿ ನುಚ್ಚು ಚೆಲ್ಲುತ್ತಿದ್ದಳು. ಆಗ ಡಂಗುರ ಕೇಳಿಸಿತು.

“ಕೇಳಿರಪ್ಪೋ! ತೀರಿಹೋದ ಅರಸುಮಗಳು ಚೆಲುವಾಜಿಯಮ್ಮನವರು ಮೂರು ಒಗಟು ಕೇಳಿಟ್ಟು ಹೋಗಿದ್ದಾರೆ. ಬಿಡಿಸಿದವರು ಬೇಡಿದ್ದನ್ನು ಅರಸರು ಕೊಡುತ್ತಾರೆ. ತಪ್ಪು ಹೇಳಿದವರ ತಲೆ ಉಳಿಯುವುದಿಲ್ಲ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಯಾರೂ ಬಿಡಿಸದಿದ್ದರೆ ಈ ಕೇರಿಯಲ್ಲಿ ಒಂದು ಕೋಳಿಯೂ ಉಳಿಯಕೂಡದು!”

ಚೆಲುವಾಜಿ ಅರಮನೆಯ ಹಿತ್ತಿಲಲ್ಲಿ ಕೋಳಿ ಸಾಕಿದ್ದಳು. ಹಿಂಗೋಡೆಯ ಗಂಡಿಯಲ್ಲಿ ಕೈ ಚಾಚಿ ಕೇರಿಯವರಿಗೆ ಮೊಟ್ಟೆ ಕೊಡುತ್ತಿದ್ದಳು, ಅವರಿಂದ ತೆಗೆದುಕೊಳ್ಳುತ್ತಿದ್ದಳು. ಶ್ರಾವಣದಲ್ಲಿ ಜ್ವರ ಬಂತು. ಮಲಗಿದಲ್ಲಿಂದಲೇ ತಂದೆಗೆ ಮೂರು ಒಗಟು ಕೇಳಿದಳು. ಉತ್ತರಗಳ ಗುರುತನ್ನು ಪುಟ್ಟ ಬುಟ್ಟಿಯೊಂದರಲ್ಲಿ ಹಾಕಿ ಮುಚ್ಚಳ ಕಟ್ಟಿದ್ದಳು. ಅರಸ “ನಾಳೆ ಹೇಳುತ್ತೇನೆ ಮಗಳೇ” ಎಂದಿದ್ದ. ಆರನೆಯ ದಿನ ಅವಳು ಹೋದಳು. ಜ್ವರ ಆ ಗಂಡಿಯಿಂದ, ಕೇರಿಯ ಕೋಳಿಗಳಿಂದಲೇ ಬಂತೆಂದು ನಂಬಿದ ಅರಸ ಅದನ್ನು ಕಲ್ಲಿಟ್ಟು ಮುಚ್ಚಿಸಿದ. ಬುಟ್ಟಿ ಬಿಚ್ಚಿ ನೋಡಿದ. ಒಳಗಿದ್ದ ವಸ್ತುಗಳ ಅರ್ಥ ಅವನಿಗೆ ಆಗಲಿಲ್ಲ.

ಬುಧವಾರ ಆಸ್ಥಾನದ ಪಂಡಿತ ಹೋದ. ಮೊದಲ ಒಗಟಿಗೆ “ಭೂಮಿ” ಎಂದ. ಗುರುವಾರ ದಳವಾಯಿಯ ತಮ್ಮ ಹೋದ. “ದಾದಿ” ಎಂದ. ಇಬ್ಬರನ್ನೂ ಸೆರೆಗೆ ಹಾಕಿದರು. ಶುಕ್ರವಾರ ಸಂಜೆಗೆ ಕತ್ತಿ ಮಸೆಯಲು ಅಪ್ಪಣೆಯಾಯಿತು.

ಬುಟ್ಟಿ ಹೆಣೆಯುವ ಮಾಯಿಗ ಆ ಶುಕ್ರವಾರ ಬೆಳಿಗ್ಗೆ ಮುಖ ತೊಳೆದು ಹೊರಟು ನಿಂತ.

“ಎಲ್ಲಿಗೋ?” ಎಂದಳು ಪುಟ್ಟೀರಜ್ಜಿ.

“ಅರಮನೆಗೆ. ಅಮ್ಮಾವ್ರು ಒಗಟು ಕೇಳಿದ್ರೆ ಕೋಳಿದೇ ಕೇಳಿರ್ತಾರೆ ಅಜ್ಜಿ.”

“ನಿನ್ನ ಮನೇಲಿ ಅರಮನೆ ಕೋಳಿ ಐತೆ ಅಂತ ಗೊತ್ತಾದ್ರೆ? ಕದ್ದ ಅಂತಾರೆ ಕಣೋ. ನಿಂಗೆ ಇರೋದು ಒಂದೇ ಕುತ್ತಿಗೆ.”

“ಸುಮ್ನೆ ಕೂತ್ರೆ ಸಂಜೆಗೆ ಆ ಕೋಳಿ ಕುತ್ತಿಗೇನೂ ಇರಲ್ಲ.”

ಅರಮನೆಯಲ್ಲಿ ಅರಸನ ಮುಂದಿದ್ದ ಬುಟ್ಟಿ ತಾನೇ ಹೆಣೆದುಕೊಟ್ಟದ್ದೆಂದು ಮಾಯಿಗ ಗುರುತಿಸಿದ.

ಅರಸ ಕೇಳಿದ: “ಒಬ್ಬಳು ತಾಯಿ, ಹನ್ನೊಂದು ಮಕ್ಕಳು. ಒಂದನ್ನೂ ಅವಳು ಹೆತ್ತಿಲ್ಲ. ಹೆತ್ತವರು ಒಬ್ಬರನ್ನೊಬ್ಬರು ನೋಡಿಲ್ಲ. ಯಾರವಳು?”

“ಕಾವಿಗೆ ಕೂತ ಕೋಳಿ, ಬುದ್ಧಿ. ನಮ್ಮಲ್ಲಿ ಯಾರ ಮನೆ ಕೋಳಿ ಕಾವಿಗೆ ಬಂದರೂ ಅದರ ಮೊಟ್ಟೆ ತೆಗೆದು, ಮನೆಗೊಂದು ಮೊಟ್ಟೆ ತಂದು ಅದರಡಿ ಇಡುತ್ತೇವೆ. ಮರಿಯಾದ ಮೇಲೆ ಹಂಚಿಕೊಳ್ಳುತ್ತೇವೆ. ಕೇರಿಯ ಹತ್ತು ಮನೆಯದು ಹತ್ತು. ಅಮ್ಮಾವ್ರದು ಒಂದು.”

ಅರಸ ಬುಟ್ಟಿಯಿಂದ ಒಂದು ಹಿಡಿ ಪುಕ್ಕ ತೆಗೆದ. ಕಾವಿಗೆ ಕೂತ ಕೋಳಿಯ ಎದೆಯಿಂದ ಉದುರುವ ಪುಕ್ಕ ಅದು.

“ಅದಕ್ಕೆ ಜೀವವಿಲ್ಲ, ಸಾವೂ ಇಲ್ಲ. ಅದನ್ನು ಕಂಡು ತಾಯಿ ನಾಳೆಯೂ ಅಲ್ಲಿಗೇ ಬರುತ್ತಾಳೆ. ಏನದು?”

“ಬಿಳಿಯ ಕಲ್ಲು. ಮೊಟ್ಟೆಗಳನ್ನೆಲ್ಲ ತೆಗೆದರೆ ಕೋಳಿ ಆ ಜಾಗ ಬಿಟ್ಟುಬಿಡುತ್ತದೆ. ಅದಕ್ಕೆ ಮೊಟ್ಟೆಯಂಥ ಕಲ್ಲೊಂದನ್ನು ಅಲ್ಲಿ ಇಟ್ಟಿರುತ್ತೇವೆ.”

ಅರಸ ಕಲ್ಲನ್ನು ತೆಗೆದು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ. ಮಗಳ ಹಾಸಿಗೆಯನ್ನು ಅವನು ಇನ್ನೂ ಸುತ್ತಿಡಿಸಿರಲಿಲ್ಲ.

“ಇಟ್ಟುಕೊಂಡವರಿಗೆ ಉಳಿಯುವುದಿಲ್ಲ, ಕೊಟ್ಟವರಿಗೆ ಉಳಿಯುತ್ತದೆ. ಏನದು?”

“ವಿದ್ಯೆ ಅನ್ನೋ, ಬದುಕಿಕೋ,” ಎಂದು ಮಂತ್ರಿ ಹಿಂದಿನಿಂದ ಪಿಸುಗುಟ್ಟಿದ.

ಮಾಯಿಗ ಅತ್ತ ತಿರುಗಲಿಲ್ಲ. “ಕೋಳಿಯ ತಳಿ, ಬುದ್ಧಿ. ರೋಗ ಬಂದರೆ ಒಂದು ಹಿತ್ತಿಲು ಎರಡು ದಿನದಲ್ಲಿ ಬರಿದಾಗುತ್ತದೆ. ಅದಕ್ಕೇ ಒಂದನ್ನು ಬೇರೆ ಮನೆಗೆ ಕೊಟ್ಟಿರುತ್ತೇವೆ. ನಮ್ಮದು ಸತ್ತರೆ ಅಲ್ಲಿಂದ ಮರಿ ತರುತ್ತೇವೆ.”

“ಸುಳ್ಳು,” ಎಂದ ಅರಸ. “ಅವಳು ತೀರಿಕೊಂಡ ವಾರವೇ ಅವಳ ಹದಿನಾಲ್ಕು ಕೋಳಿಗಳೂ ಸತ್ತವು. ಏನು ಉಳಿಯಿತು?”

“ಒಂದು ಉಳಿದಿದೆ. ಹೋದ ವರ್ಷ ಅಮ್ಮಾವ್ರು ಗಂಡಿಯಲ್ಲಿ ಒಂದು ಹೇಂಟೆ ಕೊಟ್ಟರು. ನನ್ನ ಮನೆಯಲ್ಲಿದೆ.”

ಸಭೆಯಲ್ಲಿ ಯಾರೋ “ಕಳ್ಳ” ಎಂದರು. ಕಾವಲಿನವನು ಮಾಯಿಗನ ತೋಳು ಹಿಡಿದ.

“ಕೊಟ್ಟ ಕೋಳಿಯ ಕಾಲಿಗೆ ಕೊಟ್ಟವರು ತಮ್ಮ ದಾರ ಕಟ್ಟುತ್ತಾರೆ. ತೆಗೆದುಕೊಂಡವರು ಅದನ್ನು ಬಿಚ್ಚುವುದಿಲ್ಲ. ಅಮ್ಮಾವ್ರದು ನೀಲಿ. ಬುಟ್ಟಿಯಲ್ಲಿ ಇರಬೇಕು, ನೋಡಿ ಬುದ್ಧಿ.”

ಅರಸ ಬುಟ್ಟಿಯಿಂದ ಗೇಣುದ್ದದ ನೀಲಿ ದಾರ ತೆಗೆದ. ಕಾವಲಿನವನು ಕೈ ಬಿಟ್ಟ.

“ಏನು ಬೇಕು, ಕೇಳು.”

“ಸೆರೆಯಲ್ಲಿರುವ ಇಬ್ಬರನ್ನು ಮನೆಗೆ ಕಳಿಸಿ. ಗಂಡಿಯ ಕಲ್ಲು ತೆಗೆಸಿ.”

“ನಿನಗೆ?”

“ಅದೇ ನನಗೆ, ಬುದ್ಧಿ.”

ಮಧ್ಯಾಹ್ನದೊಳಗೆ ಎರಡೂ ಆದವು. ಎರಡು ತುಂಡು ಹೊಲವನ್ನೂ ಅರಸ ಅವನ ಹೆಸರಿಗೆ ಬರೆಸಿದ. ಆಮೇಲೆ ಒಬ್ಬನೇ ನಡೆದು ಮಾಯಿಗನ ಗುಡಿಸಲಿಗೆ ಬಂದ. ಮೂಲೆಯ ಬುಟ್ಟಿಯಲ್ಲಿ ಕೆಂಪು ಹೇಂಟೆ ಕಾವಿಗೆ ಕೂತಿತ್ತು. ಅರಸ ಕೈ ಚಾಚಿದ.

“ಮುಟ್ಟಬ್ಯಾಡಿ, ಕುಕ್ತದೆ,” ಎಂದಳು ಪುಟ್ಟೀರಜ್ಜಿ. “ತಾವು ಅರಸರು ಅಂತ ಅದಕ್ಕೇನು ಗೊತ್ತು?”

ಅರಸ ನೆಲದ ಮೇಲೆ ಕೂತು ಕಾದ. ಬಿಸಿಲು ಇಳಿದ ಮೇಲೆ ಕೋಳಿ ಎದ್ದು ಕಾಳು ತಿನ್ನಲು ಹೊರಗೆ ಹೋಯಿತು. ಅದರ ಕಾಲಲ್ಲಿ ನೀಲಿ ದಾರ ಮಾಸಿತ್ತು. ಅರಸ ಬುಟ್ಟಿಗೆ ಬಗ್ಗಿ ಎಣಿಸಿದ.

ಹತ್ತು ಮೊಟ್ಟೆಗಳಿದ್ದವು. ಅರಮನೆಯದು ಇರಲಿಲ್ಲ.