ಮಗ್ಗ ನಿಲ್ಲುವ ದಿನ

ಮಠದ ಜಗಲಿಯಲ್ಲಿ ಶಿಷ್ಯನೊಬ್ಬ ಪುಸ್ತಕ ಮುಚ್ಚಿಟ್ಟು ಕೇಳಿದ: “ಗುರುಗಳೇ, ಈ ಹಳೆಯ ಕತೆಯಲ್ಲಿ ಪ್ರೇಮಿಗಳಿಬ್ಬರೂ ಸಾಯುತ್ತಾರೆ. ಅದು ಎಲ್ಲರಿಗೂ ಮೊದಲೇ ಗೊತ್ತು. ಆದರೂ ಇಂದಿನವರು ಇದನ್ನು ಹುಡುಕಿಕೊಂಡು ಬಂದು ಓದಿ ಅಳುತ್ತಾರಲ್ಲ, ಯಾಕೆ?”

“ಅಳುವವರನ್ನು ಕಂಡರೆ ನಿನಗೆ ತಮಾಷೆ ಅಂತ ಕಾಣುತ್ತದೆ. ಇರಲಿ, ಕೇಳು,” ಎಂದು ಗುರುಗಳು ಕತೆ ಹೇಳಿದರು.

ನೇಕಾರರ ಬೀದಿಯೊಂದಿತ್ತು. ಅಲ್ಲಿ ಯಾರು ಸತ್ತರೂ ಅಂದು ಎಲ್ಲ ಮನೆಗಳ ಮಗ್ಗವೂ ನಿಲ್ಲಬೇಕು. ಅದೇ ಸತ್ತವರಿಗೆ ಕೊಡುವ ಮರ್ಯಾದೆ. ಮನೆಯವರ ಮಾತು ಮೀರಿ ಪ್ರೀತಿಸಿದವರಿಗೆ ಮಾತ್ರ ಆ ಮರ್ಯಾದೆ ಇಲ್ಲ, ಅಳುವುದೂ ಕೂಡದು ಎಂದು ಬೀದಿಯ ಹಿರಿಯನಾದ ಒಬ್ಬ ನೇಕಾರ ಕಟ್ಟಳೆ ಮಾಡಿದ್ದ. ಅದು ತನ್ನ ಮನೆಗೇ ಬಂದೀತೆಂದು ಅವನು ಎಣಿಸಿರಲಿಲ್ಲ.

ಅವನ ಮಗಳು ನೂಲಿಗೆ ಬಣ್ಣ ಹಾಕುವವನ ಮಗನನ್ನು ಮೆಚ್ಚಿದಳು. ತಂದೆ ಒಪ್ಪಲಿಲ್ಲ. ಅವಳು ಬಾವಿಗೆ ಬಿದ್ದಳು. ಹೆಣ ಎತ್ತುವಾಗ ಬೀದಿಯವರು ಹಿರಿಯನ ಮುಖ ನೋಡಿದರು. ಅವನು ಒಳಗೆ ಹೋಗಿ ಮಗ್ಗದ ಗುಂಡಿಗೆ ಇಳಿದು ಲಾಳಿ ಎಸೆದು ನೇಯತೊಡಗಿದ. ಆಮೇಲೆ ಎಲ್ಲರ ಮಗ್ಗಗಳೂ ಸದ್ದು ಮಾಡಿದವು. ಅವನ ಹೆಂಡತಿ ಸೆರಗು ಕಚ್ಚಿಕೊಂಡು ಆ ಸದ್ದಿನಲ್ಲೇ ಕೂತಿದ್ದಳು. ಮುಂದೆ ಆ ಮನೆಯಲ್ಲಿ ಮಗಳ ಹೆಸರನ್ನು ಯಾರೂ ಎತ್ತಲಿಲ್ಲ.

ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಆ ಬೀದಿಗೆ ಕತೆ ಹಾಡುವವನೊಬ್ಬ ಬರುತ್ತಿದ್ದ. ನಿನ್ನ ಪುಸ್ತಕದಲ್ಲಿರುವಂಥದೇ ಕತೆ. ಅವನು ತಂಬೂರಿ ಮೀಟಿದರೆ ಜನ ಮಗ್ಗ ನಿಲ್ಲಿಸಿ ಹೊರಗೆ ಬರುತ್ತಿದ್ದರು. ಕತೆಯ ಹುಡುಗಿ ಸತ್ತಾಗ ಬೀದಿಯೆಲ್ಲ ಅಳುತ್ತಿತ್ತು. ಆ ನೇಕಾರನೂ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಕತೆಗೆ ಅಳಬಾರದೆಂದು ಅವನು ಕಟ್ಟಳೆ ಮಾಡಿರಲಿಲ್ಲ.

ಒಂದು ವರ್ಷ ಅವನ ಅಳು ನೋಡಲಾರದೆ ಹಾಡುವವನು ಕತೆಯ ಕೊನೆಯನ್ನೇ ಬದಲಿಸಿದ. ಹುಡುಗಿಯನ್ನು ಬದುಕಿಸಿ, ಮದುವೆ ಮಾಡಿಸಿ ಹಾಡು ಮುಗಿಸಿದ. ಜನ ನಗುನಗುತ್ತ ಎದ್ದು ಹೋದರು. ಮಗ್ಗಗಳು ಮತ್ತೆ ಸದ್ದು ಮಾಡಿದವು. ನೇಕಾರ ಮಾತ್ರ ಕೂತೇ ಇದ್ದ.

“ಯಜಮಾನರೇ, ನಿಮಗೆ ಹಿಡಿಸಲಿಲ್ಲವೇ?” ಎಂದು ಹಾಡುವವನು ಕೇಳಿದ.

“ಅವಳನ್ನು ಬದುಕಿಸಿಬಿಟ್ಟೆಯಲ್ಲಪ್ಪ,” ಎಂದ ನೇಕಾರ. “ನನ್ನ ಮಗಳಿಗೆ ಮಗ್ಗ ನಿಲ್ಲುತ್ತಿದ್ದುದು ಇದೊಂದೇ ದಿನ. ಇನ್ನು ನಾನು ಎಲ್ಲಿ ಕೂತು ಅಳಲಿ?”

ಹಾಡುವವನು ತಂಬೂರಿಯನ್ನು ಮತ್ತೆ ಎತ್ತಿಕೊಂಡ. ಆ ಹುಡುಗಿ ಸಾಯುವುದನ್ನು ಹಾಡಿದ. ಮಗ್ಗಗಳು ಒಂದೊಂದಾಗಿ ನಿಂತವು.

ಕತೆ ಮುಗಿಸಿ ಗುರುಗಳು ಶಿಷ್ಯನ ಪುಸ್ತಕ ತೆಗೆದುಕೊಂಡು ಕೊನೆಯ ಪುಟ ತೆರೆದರು. ಅದು ಒದ್ದೆಯಾಗಿತ್ತು.

“ಇದನ್ನು ಓದಿ ನೀನು ಅತ್ತದ್ದು ಯಾರಿಗಾಗಿ?”